ಹೊಟ್ಟೆಯೊಳಗಿನ ಜರಡಿ

‘ಎರಡೂ ಕಿಡ್ನಿ ಫೇಲ್ ಆಗಿದೆಯಂತೆ’ ಎಂಬ ಮಾತು ಹೊಸ್ತಿಲು ದಾಟಿ ಒಳಬಂದ ದಿನದಿಂದ ಆ ಮನೆಯ ಲೆಕ್ಕಾಚಾರವೇ ಬದಲಾಗಿಬಿಡುತ್ತದೆ. ನೋಡಲು ಬಂದ ನೆಂಟರಿಷ್ಟರು ಎರಡು ದಾರಿ ಹೇಳುತ್ತಾರೆ. ಒಂದು, ಯಾರಾದರೂ ಕೊಟ್ಟ ಮೂತ್ರಪಿಂಡವನ್ನು ಕಸಿ ಮಾಡಿಸಿಕೊಳ್ಳುವುದು. ಇನ್ನೊಂದು, ವಾರಕ್ಕೆ ಎರಡೋ ಮೂರೋ ಸಲ ಆಸ್ಪತ್ರೆಗೆ ಹೋಗಿ, ಯಂತ್ರದ ಪಕ್ಕದಲ್ಲಿ ನಾಲ್ಕು ಗಂಟೆ ಮಲಗಿ, ರಕ್ತ ಶುದ್ಧಿ ಮಾಡಿಸಿಕೊಂಡು ಬರುವುದು. ಮೂರನೆಯ ದಾರಿಯೊಂದು ಇದೆ. ಅದಕ್ಕೆ ಯಂತ್ರ ಬೇಡ, ಕರೆಂಟು ಬೇಡ, ದಿನಬಿಟ್ಟು ದಿನ ಪ್ರಯಾಣವೂ ಬೇಡ ಎಂಬುದನ್ನು ಹೇಳುವವರು ಕಡಿಮೆ. ಎಷ್ಟೋ ಸಲ ವೈದ್ಯರೂ ಹೇಳುವುದಿಲ್ಲ.

ಮಲೆನಾಡಿನ ಒಳಗಿನ ಒಂದು ತೋಟದ ಮನೆಯನ್ನು ಊಹಿಸಿಕೊಳ್ಳಿ. ರಸ್ತೆಗೆ ಬರಲು ಎರಡು ಮೈಲಿ ನಡೆಯಬೇಕು, ಅಲ್ಲಿಂದ ಪೇಟೆಗೆ ಬಸ್ಸಿನಲ್ಲಿ ಒಂದೂವರೆ ಗಂಟೆ. ಈಗ ತಾಲ್ಲೂಕು ಆಸ್ಪತ್ರೆಗಳವರೆಗೂ ಡಯಾಲಿಸಿಸ್ ಯಂತ್ರಗಳು ಬಂದಿವೆ, ನಿಜ. ಆದರೂ ಮನೆಯ ಯಜಮಾನರಿಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್ ಎಂದರೆ ಬೆಳಗಿನ ಮೊದಲ ಬಸ್ಸಿಗೆ ಹೊರಟು ಸಂಜೆ ಸುಸ್ತಾಗಿ ಮರಳುವ ಮೂರು ದಿನ. ಜೊತೆಗೊಬ್ಬರು ಹೋಗಲೇಬೇಕು. ಅಂದರೆ ಇಬ್ಬರ ಕೆಲಸಕ್ಕೆ ಸಂಚಕಾರ. ಮಳೆಗಾಲದಲ್ಲಿ ಮರ ಬಿದ್ದು ದಾರಿ ಕಟ್ಟಿದರೆ ಆ ದಿನದ ಡಯಾಲಿಸಿಸ್ ತಪ್ಪಿತು. ಒಂದು ತಪ್ಪಿದರೆ ಕಾಲು ಊದುತ್ತದೆ, ಎರಡು ತಪ್ಪಿದರೆ ಉಸಿರು ಕಟ್ಟುತ್ತದೆ. ಕೊನೆಗೆ ಖರ್ಚು ಮತ್ತು ತಿರುಗಾಟ ಎರಡಕ್ಕೂ ಬೇಸತ್ತು ಚಿಕಿತ್ಸೆಯನ್ನೇ ಕೈಬಿಡುವವರು ನಮ್ಮಲ್ಲಿ ಇದ್ದಾರೆ. ಹಾಗೆ ಕೈಬಿಡುವುದೆಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಇಂಥವರಿಗೆ ಅನುಕೂಲವಾಗಬಲ್ಲ ಆ ಮೂರನೆಯ ದಾರಿಯ ಹೆಸರು ‘ಪೆರಿಟೋನಿಯಲ್ ಡಯಾಲಿಸಿಸ್’. ಕನ್ನಡದಲ್ಲಿ ಉದರಪೊರೆಯ ಡಯಾಲಿಸಿಸ್ ಎನ್ನಬಹುದು. ರಕ್ತವನ್ನು ಹೊರಗೆ ತಂದು ಸೋಸುವ ಬದಲು ಹೊಟ್ಟೆಯೊಳಗೇ ಸೋಸುವ ವಿಧಾನ ಇದು.

ವಾರಕ್ಕೆ 168 ಗಂಟೆ

ಬೆನ್ನಿನ ಕೆಳಭಾಗದಲ್ಲಿ, ಬೆನ್ನುಮೂಳೆಯ ಎರಡೂ ಪಕ್ಕಕ್ಕಿರುವ ಮೂತ್ರಪಿಂಡಗಳು ಒಂದೊಂದೂ ಸುಮಾರು 150 ಗ್ರಾಂ ತೂಗುತ್ತವೆ. ಒಂದೊಂದರಲ್ಲೂ ಸುಮಾರು 10 ಲಕ್ಷ ಸೂಕ್ಷ್ಮ ಸೋಸುಕಗಳು. ನಮ್ಮ ದೇಹದಲ್ಲಿರುವುದು ಐದು ಲೀಟರ್ ರಕ್ತ; ಅದೇ ರಕ್ತ ಮತ್ತೆಮತ್ತೆ ಹಾದು ದಿನಕ್ಕೆ ಸುಮಾರು 180 ಲೀಟರ್ ದ್ರವ ಈ ಸೋಸುಕಗಳಲ್ಲಿ ಸೋಸಿಹೋಗುತ್ತದೆ. ಅದರಲ್ಲಿ 178 ಲೀಟರಿನಷ್ಟನ್ನು ಮೂತ್ರಪಿಂಡ ಮರಳಿ ರಕ್ತಕ್ಕೆ ಸೇರಿಸಿ, ಒಂದೂವರೆ ಎರಡು ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಹಾಕುತ್ತದೆ. ಯೂರಿಯಾ, ಕ್ರಿಯಾಟಿನಿನ್ ಮುಂತಾದ ಕಲ್ಮಶ ಹೋಗುವುದು ಈ ದಾರಿಯಲ್ಲೇ. ಹೆಚ್ಚಾದ ಪೊಟಾಸಿಯಂ, ಆಮ್ಲ, ನೀರು ಹೋಗುವುದೂ ಹೀಗೆಯೇ.

ಮೂತ್ರಪಿಂಡಗಳು ದೂರು ಹೇಳದೆ ದುಡಿಯುವ ಜಾತಿಯವು. ಮುಕ್ಕಾಲು ಭಾಗ ಶಕ್ತಿ ಕಳೆದುಕೊಂಡರೂ ನೋವಿಲ್ಲ, ಜ್ವರವಿಲ್ಲ. ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಇವೆರಡೂ ವರ್ಷಗಟ್ಟಲೆ ಸದ್ದಿಲ್ಲದೆ ಅವನ್ನು ಸವೆಸುತ್ತವೆ. ಮೈಕೈ ನೋವಿಗೆಂದು ಅಂಗಡಿಯಿಂದ ತಂದು ನುಂಗುವ ಮಾತ್ರೆಗಳ ಪಾಲೂ ಇದರಲ್ಲಿದೆ. ಶಕ್ತಿ ನೂರಕ್ಕೆ ಹದಿನೈದಕ್ಕಿಂತ ಕೆಳಗಿಳಿದ ಮೇಲೆ ಔಷಧಿಯಿಂದಲೇ ಕಾಲ ತಳ್ಳುವುದು ಕಷ್ಟ. ವಾಕರಿಕೆ, ತುರಿಕೆ, ಊತ, ರಕ್ತಹೀನತೆ ಒಂದರ ಹಿಂದೊಂದು ಬರುತ್ತವೆ.

ಇಲ್ಲೊಂದು ಸರಳ ಲೆಕ್ಕ. ವಾರಕ್ಕೆ ಇರುವುದು 168 ಗಂಟೆ. ಮೂತ್ರಪಿಂಡ ಅಷ್ಟೂ ಗಂಟೆ ದುಡಿಯುತ್ತದೆ. ಯಂತ್ರ ದುಡಿಯುವುದು ನಾಲ್ಕು ಗಂಟೆಯಂತೆ ಮೂರು ಸಲ, ಒಟ್ಟು 12 ಗಂಟೆ. ಉಳಿದ 156 ಗಂಟೆ ಕಲ್ಮಶವೂ ನೀರೂ ದೇಹದಲ್ಲಿ ಸೇರುತ್ತಲೇ ಇರುತ್ತವೆ. ಮುಂದಿನ ಸರದಿಯಲ್ಲಿ ಅಷ್ಟನ್ನೂ ಒಮ್ಮೆಗೇ ಎಳೆದು ತೆಗೆಯಬೇಕು. ಡಯಾಲಿಸಿಸ್ ಮುಗಿಸಿ ಬಂದವರು ಬಸವಳಿದು ಮಲಗುವುದು ಇದರಿಂದಲೇ.

ಹೈಸ್ಕೂಲಿನ ವಿಜ್ಞಾನವೇ ಸಾಕು

ಡಯಾಲಿಸಿಸ್ ಎಂಬ ಪದವನ್ನು ವಿಜ್ಞಾನಕ್ಕೆ ತಂದವರು ಸ್ಕಾಟ್‌ಲೆಂಡಿನ ರಸಾಯನಶಾಸ್ತ್ರಜ್ಞ ಥಾಮಸ್ ಗ್ರಹಾಂ. ಅನಿಲಗಳ ವಿಸರಣೆಯ ನಿಯಮದ ಜೊತೆಗೆ ವಿದ್ಯಾರ್ಥಿಗಳು ಬಾಯಿಪಾಠ ಮಾಡುವ ಗ್ರಹಾಂ ಇವರೇ. ಸಸ್ಯಮೂಲದ ಚರ್ಮಕಾಗದದ ಒಂದು ಕಡೆ ಮೂತ್ರ, ಇನ್ನೊಂದು ಕಡೆ ನೀರು ಇಟ್ಟರೆ ಯೂರಿಯಾ ಕಾಗದವನ್ನು ದಾಟಿ ನೀರಿಗೆ ಬರುತ್ತದೆ, ಅಂಟಿನಂಥ ದೊಡ್ಡ ಅಣುಗಳು ಹಿಂದೆ ಉಳಿಯುತ್ತವೆ ಎಂದು 1861ರಲ್ಲೇ ಅವರು ತೋರಿಸಿದ್ದರು. ಬಕೆಟ್ಟಿನ ನೀರಿಗೆ ಒಂದು ತೊಟ್ಟು ಬಟ್ಟೆಯ ನೀಲಿ ಬಿಟ್ಟರೆ ಯಾರೂ ಕಲಕದಿದ್ದರೂ ಅದು ತಾನಾಗಿ ಹರಡುವುದಲ್ಲವೇ? ಹೆಚ್ಚಿರುವ ಕಡೆಯಿಂದ ಕಡಿಮೆಯಿರುವ ಕಡೆಗೆ ಹರಡುವ ಈ ಗುಣವೇ ವಿಸರಣೆ. ನಡುವೆ ಸಣ್ಣ ಅಣುಗಳನ್ನು ಮಾತ್ರ ಬಿಡುವ ಅರೆಪಾರಕ ಪೊರೆಯೊಂದನ್ನು ಕಟ್ಟಿದರೆ ಅದೇ ಡಯಾಲಿಸಿಸ್.

ಆ ಪೊರೆಯನ್ನು ಎಲ್ಲಿಂದ ತರುವುದು? ಹಾಲೆಂಡಿನ ಕಾಂಪೆನ್ ಎಂಬ ಊರಿನಲ್ಲಿ, ಜರ್ಮನರ ಆಕ್ರಮಣದ ದಿನಗಳಲ್ಲಿ, ವಿಲಿಯಂ ಕೋಲ್ಫ್ ಎಂಬ ಯುವ ವೈದ್ಯರು ಮಾಂಸದ ಸಾಸೇಜು ತುಂಬುವ ಸೆಲೋಫೇನ್ ಕೊಳವೆಯನ್ನು ಮರದ ಪಟ್ಟಿಗಳ ಪೀಪಾಯಿಯೊಂದಕ್ಕೆ ಸುತ್ತಿ, ಅದರಲ್ಲಿ ರೋಗಿಯ ರಕ್ತ ಹರಿಸಿ, ಉಪ್ಪುನೀರಿನ ತೊಟ್ಟಿಯಲ್ಲಿ ತಿರುಗಿಸಿದರು. 1943ರಲ್ಲಿ ಆರಂಭವಾದ ಈ ಪ್ರಯತ್ನದಲ್ಲಿ ಮೊದಮೊದಲ ರೋಗಿಗಳು ಉಳಿಯಲಿಲ್ಲ. 1945ರ ಸೆಪ್ಟೆಂಬರಿನಲ್ಲಿ 67 ವರ್ಷದ ಮಹಿಳೆಯೊಬ್ಬರು ಬದುಕಿದರು. ಇಂದಿನ ಯಂತ್ರಗಳೆಲ್ಲ ಆ ಪೀಪಾಯಿಯ ಸಂತಾನ.

ಆದರೆ ಅದಕ್ಕೂ ಇಪ್ಪತ್ತು ವರ್ಷ ಮೊದಲೇ ಇನ್ನೊಂದು ಪೊರೆ ಕೆಲವರ ಕಣ್ಣಿಗೆ ಬಿದ್ದಿತ್ತು. ಅದು ಎಲ್ಲರ ಹೊಟ್ಟೆಯೊಳಗೂ ಇರುವ ಪೊರೆ. ಕುರಿ ಕೊಯ್ಯುವುದನ್ನು ನೋಡಿದವರಿಗೆ ಅದು ಗೊತ್ತು. ಕರುಳಿನ ಮೇಲೆ, ಹೊಟ್ಟೆಯ ಗೋಡೆಯ ಒಳಮೈಗೆ ಅಂಟಿಕೊಂಡಿರುವ, ಹೊಳೆಯುವ, ಒದ್ದೆಯಾದ ತೆಳು ಪದರ. ಮನುಷ್ಯನಲ್ಲಿ ಇದನ್ನೆಲ್ಲ ಬಿಡಿಸಿ ಹಾಸಿದರೆ ಒಂದರಿಂದ ಎರಡು ಚದರ ಮೀಟರ್ ಆಗುತ್ತದೆ. ಅಂದರೆ ಹೆಚ್ಚುಕಡಿಮೆ ನಮ್ಮ ಮೈಮೇಲಿನ ಚರ್ಮದಷ್ಟೇ ವಿಸ್ತಾರ. ಅದರೊಳಗೆ ಕೂದಲಿಗಿಂತ ಸಣ್ಣ ರಕ್ತನಾಳಗಳ, ಲೋಮನಾಳಗಳ ಬಲೆ. ಎರಡು ಪದರಗಳ ನಡುವೆ ಸಾಮಾನ್ಯವಾಗಿ ಸ್ವಲ್ಪವೇ ದ್ರವ; ಕರುಳುಗಳು ಒಂದಕ್ಕೊಂದು ಉಜ್ಜದೆ ಜಾರಲು ಬೇಕಾದಷ್ಟು. ಆ ಖಾಲಿ ಜಾಗಕ್ಕೆ ಎರಡು ಲೀಟರ್ ಶುದ್ಧ ದ್ರವ ತುಂಬಿದರೆ? ಲೋಮನಾಳಗಳ ರಕ್ತ ಒಂದು ಕಡೆ, ಶುದ್ಧ ದ್ರವ ಇನ್ನೊಂದು ಕಡೆ, ನಡುವೆ ಜೀವಂತ ಪೊರೆ. ಗ್ರಹಾಂ ಅವರ ಪ್ರಯೋಗ ಹೊಟ್ಟೆಯೊಳಗೇ ನಡೆಯುತ್ತದೆ.

(ಹೊಟ್ಟೆಗೆ ದ್ರವ ತುಂಬುವ ಸಾಹಸ ಇನ್ನೂ ಹಳೆಯದು. 1740ರ ದಶಕದಲ್ಲಿ ವಾರಿಕ್ ಎಂಬ ಇಂಗ್ಲೆಂಡಿನ ಶಸ್ತ್ರವೈದ್ಯ ಜಲೋದರದ ರೋಗಿಯೊಬ್ಬಳ ಹೊಟ್ಟೆಯ ನೀರು ತೆಗೆದು, ಬ್ರಿಸ್ಟಲ್ಲಿನ ಬುಗ್ಗೆಯ ನೀರಿಗೆ ಕೆಂಪು ದ್ರಾಕ್ಷಾರಸದ ಮದ್ಯ ಬೆರೆಸಿ ಒಳಗೆ ಬಿಟ್ಟಿದ್ದ! ಅವನ ಉದ್ದೇಶ ಬೇರೆ, ಬಿಡಿ.)

1923ರಲ್ಲಿ ಜರ್ಮನಿಯ ಗಾಂಟರ್ ಎಂಬ ವೈದ್ಯರು ಮೂತ್ರಪಿಂಡ ಕೆಟ್ಟವರ ಹೊಟ್ಟೆಗೆ ಲವಣದ್ರವ ತುಂಬಿ ತೆಗೆದು ನೋಡಿದರು. ತಾತ್ಕಾಲಿಕ ಸುಧಾರಣೆ ಕಂಡಿತು. ಅಲ್ಲಿಂದ 1948ರವರೆಗೆ ಜಗತ್ತಿನಲ್ಲೆಲ್ಲ ಸೇರಿ ನೂರರಷ್ಟು ರೋಗಿಗಳ ಮೇಲೆ ಮಾತ್ರ ಇದರ ಪ್ರಯೋಗ ನಡೆದ ದಾಖಲೆಯಿದೆ. ತೊಡಕಾಗಿದ್ದು ವಿಜ್ಞಾನವಲ್ಲ, ಸೋಂಕು. ಪ್ರತಿ ಸಲ ಹೊಟ್ಟೆ ಚುಚ್ಚಿ ಕೊಳವೆ ತೂರಿಸಬೇಕು. ಚುಚ್ಚಿದ ತೂತಿನಿಂದಲೇ ಕ್ರಿಮಿಗಳೂ ಒಳನುಗ್ಗುತ್ತಿದ್ದವು. 1968ರಲ್ಲಿ ಅಮೆರಿಕದ ಸಿಯಾಟಲ್ಲಿನ ಹೆನ್ರಿ ಟೆಂಕಾಫ್ ಈ ತೊಡಕನ್ನು ಬಹುಮಟ್ಟಿಗೆ ಬಿಡಿಸಿದರು. ಸಿಲಿಕೋನಿನ ಮೆತ್ತನೆಯ ಕೊಳವೆ. ಅದರ ಸುತ್ತ ಡೆಕ್ರಾನ್ ಬಟ್ಟೆಯ ಎರಡು ಬಳೆಗಳು. ಬಳೆಯೊಳಕ್ಕೆ ದೇಹದ ಮಾಂಸವೇ ಬೆಳೆದು ಹೊಂದಿಕೊಂಡು ಕ್ರಿಮಿಗಳಿಗೆ ಬಾಗಿಲು ಮುಚ್ಚುತ್ತದೆ. ಒಮ್ಮೆ ಕೂರಿಸಿದ ಕೊಳವೆ ವರ್ಷಗಟ್ಟಲೆ ಇರಬಹುದು. ಇಂದಿಗೂ ಬಳಸುವುದು ಅದರ ತದ್ರೂಪನ್ನೇ.

ಊರು ಬಿಡಲೊಪ್ಪದ ರೋಗಿ

ಟೆಂಕಾಫ್ ಕೊಳವೆ ಬಂದರೂ ಚಿಕಿತ್ಸೆ ಆಸ್ಪತ್ರೆಗೇ ಅಂಟಿಕೊಂಡಿತ್ತು. ಗಂಟೆಗೆರಡು ಲೀಟರಿನಂತೆ ದ್ರವ ಹಾಕುವುದು, ಕೂಡಲೇ ತೆಗೆಯುವುದು. ರಾತ್ರಿಯಿಡೀ ಯಂತ್ರದ ಕೆಲಸ. ಇದನ್ನು ಬದಲಿಸಿದ ಕಥೆ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದ್ದು.

1975ರಲ್ಲಿ ಅಲ್ಲಿನ ಮೂತ್ರಪಿಂಡ ತಜ್ಞ ಜಾಕ್ ಮಾಂಕ್ರೀಫ್ ಅವರ ಬಳಿ ಒಬ್ಬ ರೋಗಿಯಿದ್ದ. ರಕ್ತದ ಡಯಾಲಿಸಿಸ್ಸಿಗೆ ತೋಳಿನಲ್ಲಿ ರಕ್ತನಾಳಗಳನ್ನು ಜೋಡಿಸಿ ‘ಫಿಸ್ಟುಲಾ’ ಮಾಡಬೇಕು. ಅವನಿಗೆ ಎಷ್ಟು ಸಲ ಮಾಡಿದರೂ ಅದು ಮುಚ್ಚಿಹೋಗುತ್ತಿತ್ತು. ಉಳಿದ ದಾರಿ ಹೊಟ್ಟೆಯದು. ಆ ಸೌಲಭ್ಯ ಇದ್ದದ್ದು ಬೇರೆ ಊರಿನಲ್ಲಿ. ರೋಗಿ ಊರು ಬಿಡಲು ಒಪ್ಪಲಿಲ್ಲ. ಮಾಂಕ್ರೀಫ್ ಈ ಸಂಕಟವನ್ನು ಟೆಕ್ಸಾಸ್ ವಿಶ್ವವಿದ್ಯಾಲಯದ ರಾಬರ್ಟ್ ಪೊಪೊವಿಚ್ ಎಂಬ ಎಂಜಿನಿಯರರ ಮುಂದಿಟ್ಟರು. ಪೊಪೊವಿಚ್ ವೈದ್ಯರಲ್ಲ. ಪೊರೆಗಳ ಮೂಲಕ ಅಣುಗಳು ಹಾಯುವ ಗಣಿತ ಅವರ ವಿಷಯ.

ವೈದ್ಯರೆಲ್ಲ ದ್ರವವನ್ನು ಬೇಗಬೇಗ ಹಾಕಿ ತೆಗೆದರೆ ಹೆಚ್ಚು ಕಲ್ಮಶ ಬರುತ್ತದೆಂದು ಯೋಚಿಸುತ್ತಿದ್ದರು. ಪೊಪೊವಿಚ್ ಲೆಕ್ಕವನ್ನು ತಿರುವಿಹಾಕಿದರು. ಅವಸರವೇಕೆ? ದ್ರವವನ್ನು ಹೊಟ್ಟೆಯಲ್ಲೇ ನಾಲ್ಕೈದು ಗಂಟೆ ಬಿಟ್ಟರೆ ರಕ್ತದಲ್ಲಿರುವಷ್ಟೇ ಯೂರಿಯಾ ಅದರಲ್ಲೂ ತುಂಬಿಕೊಳ್ಳುತ್ತದೆ. ಹಾಗೆ ತುಂಬಿಕೊಂಡ ಹತ್ತು ಲೀಟರ್ ದ್ರವವನ್ನು ದಿನಕ್ಕೆ ಹೊರತೆಗೆದರೆ ಮನುಷ್ಯ ಬದುಕಬಲ್ಲ. ಎರಡು ಲೀಟರಿನಂತೆ ದಿನಕ್ಕೆ ಐದು ಸಲ ಬದಲಿಸಿದರೆ ಸಾಕು. ಮಧ್ಯದ ಹೊತ್ತಿನಲ್ಲಿ ರೋಗಿ ಮಲಗಿರಬೇಕೆಂದೇನೂ ಇಲ್ಲ. ಎದ್ದು ಓಡಾಡಲಿ, ಕೆಲಸಕ್ಕೆ ಹೋಗಲಿ. ರೋಗಿ ನಿದ್ದೆ ಮಾಡುವಾಗಲೂ ಪೊರೆ ಕೆಲಸ ಮಾಡುತ್ತಲೇ ಇರುತ್ತದೆ.

ಲೆಕ್ಕ ನಿಜವಾಯಿತು. 1976ರಲ್ಲಿ ಅವರು ಇದರ ಸಾರಾಂಶವನ್ನು ಕೃತಕ ಅಂಗಗಳ ಸಂಶೋಧಕರ ಅಮೆರಿಕನ್ ಸಂಘದ ಸಮ್ಮೇಳನಕ್ಕೆ ಕಳಿಸಿದಾಗ ಅದು ತಿರಸ್ಕೃತವಾಯಿತು! ಎರಡು ವರ್ಷದ ನಂತರ, 1978ರಲ್ಲಿ, ಒಂಬತ್ತು ರೋಗಿಗಳ ಅನುಭವವನ್ನು ಒಳಗೊಂಡ ಲೇಖನ ದೊಡ್ಡ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ‘ನಿರಂತರ, ನಡೆದಾಡುತ್ತಲೇ ನಡೆಯುವ’ ಎಂಬರ್ಥದ ಸಿ.ಎ.ಪಿ.ಡಿ. ಎಂಬ ಹೆಸರು ಆಗ ನೆಲೆಯಾಯಿತು.

ಒಂದು ಕೊರತೆ ಉಳಿದಿತ್ತು. ಅಮೆರಿಕದಲ್ಲಿ ದ್ರವ ಬರುತ್ತಿದ್ದುದು ಗಾಜಿನ ಬಾಟಲಿಗಳಲ್ಲಿ. ದಿನಕ್ಕೆ ಹಲವು ಸಲ ಬಾಟಲಿ ಜೋಡಿಸಿ ಕಳಚುವಾಗ ಕ್ರಿಮಿ ಹೊಕ್ಕು, ಎರಡು ಎರಡೂವರೆ ತಿಂಗಳಿಗೊಮ್ಮೆ ಹೊಟ್ಟೆಯ ಸೋಂಕು ಬರುತ್ತಿತ್ತು. ಕೆನಡಾದ ಟೊರಾಂಟೊದಲ್ಲಿದ್ದ ಗ್ರೀಕ್ ಮೂಲದ ವೈದ್ಯ ಒರಿಯೊಪೌಲಸ್ ಪ್ಲಾಸ್ಟಿಕ್ ಚೀಲ ಬಳಸಿದರು. ದ್ರವ ಒಳಗೆ ಇಳಿದ ಮೇಲೆ ಚೀಲವನ್ನು ಕಳಚದೆ ಸುರುಳಿ ಸುತ್ತಿ ಬಟ್ಟೆಯೊಳಗೆ ಸಿಕ್ಕಿಸಿಕೊಂಡರಾಯಿತು. ಹೊರತೆಗೆಯುವಾಗ ಅದೇ ಚೀಲವನ್ನು ಬಿಚ್ಚಿ ನೆಲದ ಮೇಲಿಟ್ಟರಾಯಿತು. ಕಳಚುವ ಸರದಿ ಅರ್ಧಕ್ಕೆ ಇಳಿಯಿತು, ಸೋಂಕು ಅದಕ್ಕಿಂತಲೂ ಹೆಚ್ಚು ಇಳಿಯಿತು. 1980ರ ದಶಕದಲ್ಲಿ ಇಟಲಿಯ ವೈದ್ಯರು ಇಂಗ್ಲಿಷಿನ ವೈ ಅಕ್ಷರದ ಆಕಾರದ ಕೊಳವೆ ತಂದರು. ಒಂದು ಕವಲಿಗೆ ತುಂಬಿದ ಚೀಲ, ಇನ್ನೊಂದಕ್ಕೆ ಖಾಲಿ ಚೀಲ. ಜೋಡಿಸುವಾಗ ಕ್ರಿಮಿ ಸೇರಿದ್ದರೂ ಹೊಸ ದ್ರವದ ಮೊದಲ ಹನಿಗಳು ಅದನ್ನು ತೊಳೆದು ಖಾಲಿ ಚೀಲಕ್ಕೆ ಒಯ್ಯುತ್ತವೆ. ಇಷ್ಟು ಸಣ್ಣ ಉಪಾಯದಿಂದ ಎಷ್ಟು ದೊಡ್ಡ ಉಪಕಾರ!

ಗೋಡೆಯ ಮೊಳೆ, ಎರಡು ಚೀಲ

ಇಂದು ಈ ಚಿಕಿತ್ಸೆ ಮನೆಯಲ್ಲಿ ನಡೆಯುವ ಬಗೆ ಹೀಗಿದೆ. ಮೊದಲು ಸಣ್ಣ ಶಸ್ತ್ರಕ್ರಿಯೆ ಮಾಡಿ ಹೊಕ್ಕುಳ ಸಮೀಪ ಕೊಳವೆಯನ್ನು ಕೂರಿಸುತ್ತಾರೆ. ಗಾಯ ಮಾಯಲು ಸಾಮಾನ್ಯವಾಗಿ ಎರಡು ವಾರ ಕಾಯುತ್ತಾರೆ. ಆ ನಡುವೆ ರೋಗಿಗೂ ಮನೆಯವರೊಬ್ಬರಿಗೂ ಚೀಲ ಬದಲಿಸುವ ತರಬೇತಿ. ಓದು ಬರಹ ಹೆಚ್ಚು ಬೇಕಿಲ್ಲ, ಶಿಸ್ತು ಬೇಕು. ಮಡಿ ಮಾಡಿ ರೂಢಿಯಿರುವ ಅಜ್ಜಿಯಂದಿರು ಇದನ್ನು ಪದವೀಧರರಿಗಿಂತ ಚೆನ್ನಾಗಿ ಕಲಿತರೆ ಆಶ್ಚರ್ಯವಿಲ್ಲ.

ಕೋಣೆಯ ಕಿಟಕಿ ಬಾಗಿಲು ಹಾಕಬೇಕು. ಫ್ಯಾನ್ ನಿಲ್ಲಿಸಬೇಕು; ಗಾಳಿಯ ಧೂಳೇ ಶತ್ರು. ಮೂಗು ಬಾಯಿಗೆ ಮಾಸ್ಕು. ಕೈಯನ್ನು ಸೋಪಿನಿಂದ ಬೆರಳ ಸಂದು, ಉಗುರಿನ ಬುಡ ಎಲ್ಲ ಉಜ್ಜಿ ತೊಳೆದು ಒಣಗಿಸಬೇಕು. ದ್ರವದ ಚೀಲ ಮೈಯ ಬಿಸಿಯಷ್ಟೇ ಬೆಚ್ಚಗಿರಬೇಕು. ಆದರೆ ಹಂಡೆಯ ಬಿಸಿನೀರಿನಲ್ಲಿ ಮುಳುಗಿಸಬಾರದು, ಒಣ ಶಾಖವೇ ಆಗಬೇಕು. ತುಂಬಿದ ಚೀಲವನ್ನು ಗೋಡೆಯ ಮೊಳೆಗೋ ಕಿಟಕಿಯ ಸರಳಿಗೋ ತೂಗುಹಾಕಿ, ಖಾಲಿ ಚೀಲವನ್ನು ನೆಲದ ಮೇಲಿಟ್ಟು ಕೊಳವೆಗೆ ಜೋಡಿಸಿದರೆ ಉಳಿದದ್ದನ್ನು ಭೂಮಿಯ ಗುರುತ್ವ ನೋಡಿಕೊಳ್ಳುತ್ತದೆ. ಹೊಟ್ಟೆಯಲ್ಲಿದ್ದ ಹಳೆಯ ದ್ರವ ಇಪ್ಪತ್ತು ನಿಮಿಷದಲ್ಲಿ ಕೆಳಗಿಳಿಯುತ್ತದೆ. ಹೊಸದು ಹತ್ತು ನಿಮಿಷದಲ್ಲಿ ಒಳಸೇರುತ್ತದೆ. ಕಳಚಿ, ಮುಚ್ಚಳ ಹಾಕಿ, ಅಂಗಿ ತೊಟ್ಟು ಎದ್ದರೆ ಮತ್ತೆ ನಾಲ್ಕರಿಂದ ಆರು ಗಂಟೆ ಅದರ ಗೊಡವೆಯಿಲ್ಲ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಮಲಗುವ ಮುನ್ನ: ದಿನಕ್ಕೆ ಮೂರು ನಾಲ್ಕು ಸಲ. ಗದ್ದೆಗೆ ನೀರು ಕಟ್ಟಿ ಬಿಡುವಷ್ಟೇ ನಿಯಮಿತವಾದ ಕೆಲಸ. ರಾತ್ರಿ ಮಲಗಿದಾಗ ತಾನೇ ಹಾಕಿ ತೆಗೆಯುವ ಯಂತ್ರವೂ ಉಂಟು. ಅದಕ್ಕೆ ಕರೆಂಟು ಬೇಕು, ಹಣವೂ ಹೆಚ್ಚು ಬೇಕು.

ಕಲ್ಮಶ ಹೋಯಿತು, ಸರಿ. ಹೆಚ್ಚಿನ ನೀರು ಹೇಗೆ ಹೋಗುತ್ತದೆ? ಕೋಸಂಬರಿಗೆ ಹೆಚ್ಚಿದ ಸೌತೆಕಾಯಿಗೆ ಮೊದಲೇ ಉಪ್ಪು ಹಾಕಿಟ್ಟರೆ ನೀರು ಬಿಟ್ಟುಕೊಳ್ಳುತ್ತದೆ ಎಂಬುದು ಅಡುಗೆ ಮಾಡುವವರಿಗೆಲ್ಲ ಗೊತ್ತು. ಅದೇ ಅಭಿಸರಣೆ. ಇಲ್ಲಿ ಉಪ್ಪಿನ ಬದಲು ಸಕ್ಕರೆ. ದ್ರವದಲ್ಲಿ ನೂರಕ್ಕೆ ಒಂದೂವರೆ, ಎರಡೂವರೆ ಅಥವಾ ನಾಲ್ಕೂಕಾಲು ಪಾಲು ಡೆಕ್ಸ್‌ಟ್ರೋಸ್ ಇರುತ್ತದೆ. ಸಕ್ಕರೆ ಹೆಚ್ಚಿದಷ್ಟೂ ರಕ್ತದಿಂದ ಹೆಚ್ಚು ನೀರು ಎಳೆದುಕೊಳ್ಳುತ್ತದೆ. ಎಂಟು ಲೀಟರ್ ಒಳಗೆ ಹೋದರೆ ಒಂಬತ್ತಕ್ಕೂ ಮಿಕ್ಕಿ ಹೊರಬರಬಹುದು. ಕಾಲು ಊದಿದೆಯೇ, ತೂಕ ಏರಿದೆಯೇ ಎಂದು ನೋಡಿ ಯಾವ ಚೀಲ ಹಾಕಬೇಕೆಂಬುದನ್ನು ವೈದ್ಯರು ಕಲಿಸಿಕೊಡುತ್ತಾರೆ. ಹಾಗಾಗಿ ಮನೆಯಲ್ಲಿ ತಕ್ಕಡಿ ಮತ್ತು ಲೆಕ್ಕದ ಪುಸ್ತಕ ಕಡ್ಡಾಯ. ಒಳಗೆ ಹೋದದ್ದೆಷ್ಟು, ಹೊರಬಂದದ್ದೆಷ್ಟು, ಪ್ರತಿ ಸಲವೂ ಬರೆಯಬೇಕು.

ತಟ್ಟೆಯ ವಿಷಯದಲ್ಲೂ ವ್ಯತ್ಯಾಸವಿದೆ. ಯಂತ್ರದ ಡಯಾಲಿಸಿಸ್ಸಿನವರಿಗೆ ನೀರು, ಹಣ್ಣು, ಸೊಪ್ಪು ಎಲ್ಲದಕ್ಕೂ ಬಿಗಿ ಅಳತೆ. ಪೊಟಾಸಿಯಂ ಏರಿದರೆ ಹೃದಯ ನಿಂತೀತೆಂಬ ಭಯ. ಎಳನೀರು ಅವರಿಗೆ ವಿಷವಿದ್ದಂತೆ. ಹೊಟ್ಟೆಯ ದ್ರವದಲ್ಲಿ ಪೊಟಾಸಿಯಂ ಇರುವುದೇ ಇಲ್ಲ, ದಿನವಿಡೀ ಅದು ಹೊರಹೋಗುತ್ತಲೇ ಇರುತ್ತದೆ. ಆದ್ದರಿಂದ ಪಥ್ಯ ಇಲ್ಲಿ ಸ್ವಲ್ಪ ಸಡಿಲ. ಸಡಿಲವೆಂದರೆ ವೈದ್ಯರನ್ನು ಕೇಳದೆ ತಿನ್ನುವುದೆಂದಲ್ಲ. ಕರಾವಳಿ ಕಡೆಯ ಧಾರೆಹುಳಿಯಂತೂ, ಅಂದರೆ ನಕ್ಷತ್ರದಾಕಾರದ ಆ ಹುಳಿ ಹಣ್ಣು, ಮೂತ್ರಪಿಂಡ ಕೆಟ್ಟ ಯಾರಿಗೂ ಸಲ್ಲದು. ಅದರಲ್ಲಿನ ವಿಷ ಮಿದುಳಿಗೇರಿ ಬಿಕ್ಕಳಿಕೆ, ಭ್ರಮೆ, ಅಪಸ್ಮಾರ ತರುತ್ತದೆ. ಇನ್ನು, ಹೊರಹೋಗುವ ದ್ರವದ ಜೊತೆ ದಿನಕ್ಕೆ ಐದರಿಂದ ಹತ್ತು ಗ್ರಾಂ ಪ್ರೋಟೀನೂ ಹೋಗುತ್ತದೆ. ಅದನ್ನು ಬೇಳೆ, ಮೊಟ್ಟೆ, ಮೀನುಗಳಿಂದ ತುಂಬಿಕೊಳ್ಳಬೇಕು. ‘ಕಿಡ್ನಿ ರೋಗಿಗೆ ಬೇಳೆ ಕೊಡಬಾರದು’ ಎಂಬ ಹಳೆಯ ಮಾತನ್ನು ಹಿಡಿದು ಸಾರನ್ನವನ್ನೇ ಬಡಿಸುತ್ತಾ ಹೋದರೆ ರೋಗಿ ಸೊರಗುತ್ತಾನೆ.

ಅಕ್ಷರ ಕಾಣಬೇಕು

ಇಷ್ಟೆಲ್ಲ ಅನುಕೂಲವಿದ್ದರೆ ಎಲ್ಲರೂ ಇದನ್ನೇ ಏಕೆ ಹಿಡಿಯುವುದಿಲ್ಲ ಎಂಬ ಪ್ರಶ್ನೆ ಸಹಜ. ಅಡ್ಡಿಗಳೂ ಇವೆ.

ಮೊದಲನೆಯದು ಸೋಂಕು, ಉದರಪೊರೆಯ ಉರಿಯೂತ. ಬಹುಪಾಲು ಅದು ಬರುವುದು ರೋಗಿಯ ಚರ್ಮದ ಮೇಲೆಯೇ ಇರುವ ಕ್ರಿಮಿಗಳಿಂದ, ಒಂದು ಕ್ಷಣದ ಅಜಾಗರೂಕತೆಯಿಂದ. ಹೊರಬಂದ ದ್ರವ ತಿಳಿಹಳದಿಯಾಗಿ ನಿಚ್ಚಳವಾಗಿರಬೇಕು. ಅದನ್ನು ಪರೀಕ್ಷಿಸಲು ತರಬೇತಿಯಲ್ಲಿ ಹೇಳಿಕೊಡುವ ಉಪಾಯ ಬಲು ಸರಳ: ಚೀಲವನ್ನು ದಿನಪತ್ರಿಕೆಯ ಮೇಲಿಟ್ಟು ನೋಡಬೇಕು. ಅದರ ಮೂಲಕ ಅಕ್ಷರ ಓದಲು ಬಂದರೆ ಸರಿ. ಮಬ್ಬಾಗಿ ಕಂಡರೆ ಬಿಳಿ ರಕ್ತಕಣಗಳು ಹೆಚ್ಚಿವೆಯೆಂದರ್ಥ. ಹೊಟ್ಟೆನೋವಿಗೂ ಜ್ವರಕ್ಕೂ ಕಾಯದೆ ಆ ಚೀಲವನ್ನೇ ಹಿಡಿದು ಆಸ್ಪತ್ರೆಗೆ ಹೋಗಬೇಕು. ಪ್ರತಿಜೀವಕವನ್ನು ಚೀಲದ ದ್ರವಕ್ಕೇ ಬೆರೆಸಿ ಕೊಡುತ್ತಾರೆ. ಬೇಗ ಹೋದವರು ಸಾಮಾನ್ಯವಾಗಿ ಗುಣವಾಗುತ್ತಾರೆ. ‘ನಾಳೆ ನೋಡೋಣ’ ಎಂದವರು ಕೊಳವೆಯನ್ನೇ ಕಳೆದುಕೊಳ್ಳಬಹುದು, ಕೆಲವೊಮ್ಮೆ ಜೀವವನ್ನೂ. ಒಳ್ಳೆಯ ಕೇಂದ್ರವೊಂದರಲ್ಲಿ ಸರಾಸರಿ ಎರಡೂವರೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಸೋಂಕು ಬರಬಾರದೆಂಬುದು 2022ರಲ್ಲಿ ಅಂತರರಾಷ್ಟ್ರೀಯ ಸಂಘ ಹಾಕಿದ ಗುರಿ. ಬಾಟಲಿಯ ಕಾಲದ ಎರಡೂವರೆ ತಿಂಗಳಿಗೆ ಇದನ್ನು ಹೋಲಿಸಿ ನೋಡಿ.

ಎರಡನೆಯದು ಸಕ್ಕರೆ. ಪೊರೆಯ ಮೂಲಕ ದಿನಕ್ಕೆ ನೂರು ಗ್ರಾಂಗೂ ಹೆಚ್ಚು ಸಕ್ಕರೆ ಮೈಗೆ ಸೇರಬಹುದು. ಮಧುಮೇಹಿಗಳಿಗೆ ಇನ್ಸುಲಿನ್ ಏರಿಸಬೇಕಾಗುತ್ತದೆ, ಕೆಲವರಿಗೆ ಬೊಜ್ಜು ಬರುತ್ತದೆ. ಮೂರನೆಯದು ಪೊರೆಯ ಆಯಸ್ಸು. ವರ್ಷಗಳು ಉರುಳಿದಂತೆ ಪೊರೆ ಗಡುಸಾಗಿ ನೀರು ಎಳೆಯುವ ಶಕ್ತಿ ಕುಂದುತ್ತದೆ. ಐದಾರು ವರ್ಷಗಳ ನಂತರ ಹಲವರು ಯಂತ್ರಕ್ಕೆ ಬದಲಾಗಬೇಕಾಗುತ್ತದೆ. ಹತ್ತು ವರ್ಷ ದಾಟಿದವರೂ ಇಲ್ಲದಿಲ್ಲ. ಹಿಂದೆ ಹೊಟ್ಟೆಗೆ ಹಲವು ಶಸ್ತ್ರಕ್ರಿಯೆ ಆದವರಿಗೆ, ದೊಡ್ಡ ಹರ್ನಿಯಾ ಇರುವವರಿಗೆ ಇದು ಹೊಂದದು. ಕೈ ನಡುಗುವ, ಕಣ್ಣು ಕಾಣದ ವೃದ್ಧರಿಗೆ ಸಹಾಯಕರೊಬ್ಬರು ಬೇಕೇ ಬೇಕು. ರಕ್ತನಾಳಗಳು ತೀರ ಸಣ್ಣವಾದ ಹಸುಗೂಸುಗಳಿಗಾದರೋ ಇದೇ ಮೊದಲ ಆಯ್ಕೆ.

ಕೆರೆ ಹೊಳೆಯ ಸ್ನಾನ ನಿಷಿದ್ಧ. ಹೊಟ್ಟೆಯಲ್ಲಿ ಸದಾ ಎರಡು ಲೀಟರ್ ನೀರು ಹೊತ್ತಿರುವ ಭಾರ, ಹೊಕ್ಕುಳ ಪಕ್ಕ ನೇತಾಡುವ ಕೊಳವೆ: ಇವಕ್ಕೆ ಮನಸ್ಸು ಒಗ್ಗಲು ಸಮಯ ಬೇಕು. ವಿಶೇಷವಾಗಿ ಹೆಣ್ಣುಮಕ್ಕಳಿಗೆ. ಈ ಮಾತನ್ನು ವೈದ್ಯರೂ ಆಡುವುದಿಲ್ಲ, ಮನೆಯವರೂ ಕೇಳುವುದಿಲ್ಲ. ಜೊತೆಗೆ, ರಜವೇ ಇಲ್ಲದ ಈ ದುಡಿಮೆ ಸಾಮಾನ್ಯವಾಗಿ ಮನೆಯ ಒಬ್ಬಳೇ ಹೆಂಗಸಿನ ಹೆಗಲಿಗೆ ಬೀಳುತ್ತದೆ ಎಂಬುದನ್ನೂ ಮರೆಯಬಾರದು.

ಬದುಕುವ ವರ್ಷಗಳ ಲೆಕ್ಕದಲ್ಲಿ ಯಂತ್ರವೂ ಚೀಲವೂ ಹೆಚ್ಚುಕಡಿಮೆ ಸಮಸಮ. ಮೊದಲೆರಡು ವರ್ಷಗಳಲ್ಲಿ ಚೀಲದ ಕೈ ತುಸು ಮೇಲು. ರೋಗಿಯ ಮೂತ್ರಪಿಂಡದಲ್ಲಿ ಉಳಿದಿರುವ ಅಲ್ಪಸ್ವಲ್ಪ ಶಕ್ತಿಯೂ ಇದರಲ್ಲಿ ಹೆಚ್ಚು ಕಾಲ ಉಳಿಯುತ್ತದೆ. ದಿನಕ್ಕೊಂದು ಲೋಟ ಮೂತ್ರ ಬರುತ್ತಿದ್ದರೂ ಅದು ಅಮೂಲ್ಯ.

ಯಾರು ಹೇಳಬೇಕು?

ಹಾಂಗ್‌ಕಾಂಗ್‌ನ ಸರ್ಕಾರಿ ಆಸ್ಪತ್ರೆಗಳು 1985ರಲ್ಲೇ ‘ಮೊದಲು ಹೊಟ್ಟೆಯ ಡಯಾಲಿಸಿಸ್’ ಎಂಬ ನೀತಿ ತಂದವು. ಬೇಡವೆನ್ನಲು ವೈದ್ಯಕೀಯ ಕಾರಣವಿದ್ದರೆ ಮಾತ್ರ ಯಂತ್ರ. ಥಾಯ್ಲೆಂಡ್ 2008ರಲ್ಲಿ ಇದನ್ನೇ ಅನುಸರಿಸಿ ಬಡವರಿಗೆ ಉಚಿತವಾಗಿ ಕೊಟ್ಟಿತು. ಹಳ್ಳಿಮೂಲೆಗೆ ದ್ರವದ ಪೆಟ್ಟಿಗೆಗಳನ್ನು ಮುಟ್ಟಿಸಿದ್ದು ಅಲ್ಲಿನ ಅಂಚೆಯವರು! 2022ರಲ್ಲಿ ಆಯ್ಕೆಯನ್ನು ರೋಗಿಗೇ ಬಿಟ್ಟಾಗ ಹೊಸಬರಲ್ಲಿ ಹೆಚ್ಚಿನವರು ಯಂತ್ರದ ಕಡೆ ತಿರುಗಿದರು, ಸರ್ಕಾರದ ವೆಚ್ಚವೂ ಏರಿತು ಎಂಬುದು ಯೋಚಿಸಬೇಕಾದ ಸಂಗತಿ. ಎಲ್ಲರಿಗೂ ಚೀಲವೇ ಇಷ್ಟವೆಂದು ಭಾವಿಸುವುದೂ ತಪ್ಪು.

ಭಾರತದಲ್ಲಿ ಸಿ.ಎ.ಪಿ.ಡಿ. ಶುರುವಾದದ್ದು 1990ರ ದಶಕದ ಆರಂಭದಲ್ಲಿ. ಮೂರು ದಶಕ ಕಳೆದರೂ ಡಯಾಲಿಸಿಸ್ಸಿನಲ್ಲಿರುವವರ ಪೈಕಿ ಇದನ್ನು ಹಿಡಿದವರು ಬೆರಳೆಣಿಕೆಯ ಪಾಲು. ವರ್ಷಕ್ಕೆ 2.2 ಲಕ್ಷ ಜನ ಹೊಸದಾಗಿ ಮೂತ್ರಪಿಂಡದ ಅಂತಿಮ ಹಂತ ತಲುಪುತ್ತಿದ್ದಾರೆ, ಒಂದೊಂದು ಡಯಾಲಿಸಿಸ್ಸಿಗೆ ಸುಮಾರು 2,000 ರೂಪಾಯಿ ತಗಲುತ್ತದೆ ಎಂದು 2016ರ ಬಜೆಟ್ ಭಾಷಣದಲ್ಲಿ ಕೇಂದ್ರದ ಹಣಕಾಸು ಸಚಿವರು ಹೇಳಿದ್ದರು. ಆ ವರ್ಷ ಆರಂಭವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಜಿಲ್ಲಾ ಆಸ್ಪತ್ರೆಗಳಿಗೆ ತಂದದ್ದು ಯಂತ್ರಗಳನ್ನೇ. ಹೊಟ್ಟೆಯ ಡಯಾಲಿಸಿಸ್ಸನ್ನು ಅದರಲ್ಲಿ ಸೇರಿಸುವ ಮಾರ್ಗಸೂಚಿ ಹೊರಬಿದ್ದದ್ದು 2019ರಲ್ಲಿ. ಅದಾದ ಕೆಲವೇ ತಿಂಗಳಿಗೆ ಕೊರೋನಾ ಬಂತು. ಊರೆಲ್ಲ ಬಂದ್ ಆಗಿದ್ದ 2020ರ ಆ ದಿನಗಳಲ್ಲಿ ಯಂತ್ರ ನಂಬಿದವರು ಪಾಸು ಹಿಡಿದು ಆಸ್ಪತ್ರೆ ಅಲೆಯುವಾಗ, ಚೀಲದವರು ಮನೆಯಲ್ಲೇ ಚಿಕಿತ್ಸೆ ಮಾಡಿಕೊಳ್ಳುತ್ತಿದ್ದರು.

ಖರ್ಚಿನ ಮಾತು ಮುಚ್ಚಿಡುವಂಥದ್ದಲ್ಲ. ಸ್ವಂತ ಹಣದಿಂದ ಚೀಲ ಕೊಂಡರೆ ತಿಂಗಳಿಗೆ ಇಪ್ಪತ್ತು ಇಪ್ಪತ್ತೈದು ಸಾವಿರ ರೂಪಾಯಿಯ ಆಸುಪಾಸು. ಖಾಸಗಿ ಆಸ್ಪತ್ರೆಯ ಯಂತ್ರಕ್ಕೆ ಫೀಸು, ಪ್ರಯಾಣ, ಜೊತೆಗಾರರ ಕೂಲಿ ನಷ್ಟ ಎಲ್ಲ ಸೇರಿಸಿದರೆ ಎರಡೂ ಹತ್ತಿರಹತ್ತಿರ ಬರುತ್ತವೆ. ಆದರೆ ಸರ್ಕಾರಿ ಆಸ್ಪತ್ರೆಯಲ್ಲಿ ಯಂತ್ರ ಉಚಿತ, ಚೀಲ ಎಲ್ಲ ಕಡೆ ಉಚಿತವಲ್ಲ. ಬಡವರ ಆಯ್ಕೆ ಅಲ್ಲಿಗೇ ಮುಗಿಯುತ್ತದೆ. ಯಂತ್ರಕ್ಕೆ ಬಂಡವಾಳ ಹಾಕಿದ ಖಾಸಗಿ ಆಸ್ಪತ್ರೆಗೂ ಹಾಸಿಗೆಗಳು ತುಂಬಬೇಕು. ಮನೆಯಲ್ಲೇ ಇರುವ ರೋಗಿಯಿಂದ ಅದಕ್ಕೆ ಬರುವ ಆದಾಯ ಅಷ್ಟಕ್ಕಷ್ಟೆ. ಮೂರನೆಯ ದಾರಿಯ ಹೆಸರು ಸಮಾಲೋಚನೆಯ ಕೊಠಡಿಯಲ್ಲಿ ಅಪರೂಪಕ್ಕೆ ಕೇಳಿಬರಲು ಇದೂ ಒಂದು ಕಾರಣವಿದ್ದೀತು.

ದ್ರವದ ಪೂರೈಕೆಯ ಚಿಂತೆಯೂ ಇದೆ. ದಿನಕ್ಕೆ ನಾಲ್ಕು ಚೀಲವೆಂದರೆ ತಿಂಗಳಿಗೆ 120. ತೂಕ 240 ಕಿಲೋ ಮೀರುತ್ತದೆ. ಅಷ್ಟನ್ನೂ ಮನೆಗೆ ತಂದು, ಇಲಿ ಹೆಗ್ಗಣ ಮುಟ್ಟದಂತೆ, ಬಿಸಿಲು ತಾಗದಂತೆ ಇಡಬೇಕು. 2024ರ ಸೆಪ್ಟೆಂಬರಿನಲ್ಲಿ ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ ಚಂಡಮಾರುತದ ನೆರೆ ಒಂದು ಕಾರ್ಖಾನೆಗೆ ನುಗ್ಗಿದ್ದಕ್ಕೆ ಆ ದೇಶದಲ್ಲೆಲ್ಲ ದ್ರವದ ಅಭಾವವಾಗಿ, ಹೊಸ ರೋಗಿಗಳನ್ನು ಈ ಚಿಕಿತ್ಸೆಗೆ ಸೇರಿಸಿಕೊಳ್ಳುವುದನ್ನೇ ಕೆಲಕಾಲ ತಡೆಹಿಡಿಯಬೇಕಾಯಿತು. ಇದೆಲ್ಲ ಇದ್ದೂ ನಾಲ್ಕು ಗಂಟೆಯ ಯಂತ್ರ ಬೇಕೋ ನಾಲ್ಕು ಹೊತ್ತಿನ ಚೀಲ ಬೇಕೋ ಎಂದು ಆರಿಸಿಕೊಳ್ಳಲು ರೋಗಿಗೆ ಎರಡರ ಪರಿಚಯವೂ ಇರಬೇಕು. ಅದೂ ಕಣ್ಣು ಮುಚ್ಚಿ ಐ.ಸಿ.ಯು. ಸೇರಿದ ರಾತ್ರಿಯಲ್ಲ, ಕ್ರಿಯಾಟಿನಿನ್ ಏರತೊಡಗಿದ ಮೊದಲ ತಿಂಗಳುಗಳಲ್ಲೇ. ‘ಡಾಕ್ಟರೇ, ನಮ್ಮ ಮನೆಯವರಿಗೆ ಹೊಟ್ಟೆಯ ಡಯಾಲಿಸಿಸ್ ಆಗುತ್ತದೆಯೇ?’ ಎಂದು ಕೇಳಲು ಫೀಸು ಬೇಕಿಲ್ಲ. ಆಗದು ಎಂದರೆ ಏಕೆ ಎಂಬುದನ್ನೂ ಕೇಳಬಹುದು.